ಕತ್ತು ಚಾಚಿದ ಮೇಕೆ

ಪೀಪಾಯಿಯ ಮೇಲೆ ಕಟ್ಟಿದ್ದ ಮಂಜುಗಡ್ಡೆಯ ತೆಳು ಪದರವನ್ನು ಗುಂಡುಲಾ ಲೋಯ್ಶ್ನರ್ ಕೊಡತಿಯ ಹಿಡಿಯಿಂದ ಒಡೆದರು. ಅಂಗಿಯ ತೋಳು ಮೇಲೇರಿಸಿ ಎರಡೂ ಕೈಗಳನ್ನು ನೀರಿಗೆ ಇಳಿಸಿ, ತಳದಿಂದ ಸ್ಪ್ರೂಸ್ ಮರದ ಒಂದು ಬಿಲ್ಲೆಯನ್ನು ಎತ್ತಿದರು. ಊಟದ ತಟ್ಟೆಗಿಂತ ಅಗಲ, ಅಂಗೈಯಷ್ಟು ದಪ್ಪ. ಮೂರು ವಾರ ನೀರು ಕುಡಿದಿದ್ದರಿಂದ ಒಳ್ಳೆಯ ತೂಕ. ಮಾರ್ಚ್ ತಿಂಗಳ ಮೊದಲ ಮಂಗಳವಾರ, ಬೆಳಗಿನ ಏಳು ಗಂಟೆ.

ಕಾರ್ಖಾನೆಯೆಂದು ಮನೆಯವರು ಕರೆಯುವುದು ಹಿತ್ತಿಲಿನ ಒಂದು ಕೋಣೆಯನ್ನು. ಅಲ್ಲಿ ಒಲೆಯ ಪಕ್ಕದ ಮಣೆಯ ಮೇಲೆ ಮಾವ ಗಾಟ್‌ಹೋಲ್ಡ್ ಆಗಲೇ ಕುಳಿತಿದ್ದರು. ವಯಸ್ಸು ಎಂಬತ್ತನಾಲ್ಕು.

"ಇದು ಮೂರನೇದಾ?"

"ಮೂರನೇದೇ, ಮಾವ."

"ಹಾಗಾದ್ರೆ ಬಾಗಿಲು ಹಾಕು. ನಿನ್ನ ಮೇಕೆ ಹುಟ್ಟೋದ್ರೊಳಗೆ ನಾನು ಸೆಟೆದು ಹೋಗ್ತೀನಿ."

ಗುಂಡುಲಾ ಬಾಗಿಲು ಹಾಕಿದರು. ಮರವನ್ನು ತಿರುಗಿಸಿ ಕಡೆಯುವ ಲೇತಿನ ಮೇಲ್ಗಡೆ ಗೋಡೆಯಲ್ಲಿ ಒಂದು ಉದ್ದನೆಯ ಹಲಗೆ ಇದೆ. ಅದರ ಮೇಲೆ ಸಣ್ಣ ಮೊಳೆ ಹೊಡೆದು ಕೂರಿಸಿದ ಇಪ್ಪತ್ತೇಳು ಮರದ ಪ್ರಾಣಿಗಳಿವೆ. ಹಸು, ಕುದುರೆ, ಆನೆ, ಹಂದಿ. ಬಣ್ಣವಿಲ್ಲ, ಕಿವಿ ಬಾಲಗಳಿಲ್ಲ. ನಾಲ್ಕು ತಲೆಮಾರಿನ ಗಂಡಸರು ಕಡೆದವು. ಪ್ರತಿಯೊಂದರ ಕೆಳಗೂ ಪೆನ್ಸಿಲಿನಲ್ಲಿ ಎರಡಕ್ಷರ, ಒಂದು ಇಸವಿ. ತಾನೇ ಕಂಡುಕೊಂಡ ರೂಪ ಮಾತ್ರ ಹಲಗೆಗೆ ಏರಬೇಕು, ಇನ್ನೊಬ್ಬರದನ್ನು ನೋಡಿ ಮಾಡಿದ್ದು ಏರಕೂಡದು ಎಂಬುದು ಮನೆಯ ಕಟ್ಟಳೆ. ಮನೆಯ ಹೊಸ ಪ್ರಾಣಿ ಯಾವುದೇ ಇರಲಿ, ಹಲಗೆಗೆ ಏರದೆ ಅಂಗಡಿಗೂ ಹೋಗುವಂತಿಲ್ಲ. ಹನ್ನೆರಡು ವರ್ಷಗಳಿಂದ ಈ ಲೇತಿನ ಮುಂದೆ ನಿಲ್ಲುತ್ತಿರುವ ಗುಂಡುಲಾ ಅವರದು ಅಲ್ಲಿ ಒಂದೂ ಇರಲಿಲ್ಲ.

ನಮ್ಮ ಎರ್ಟ್ಸ್ ಬೆಟ್ಟಸಾಲಿನಲ್ಲಿ, ಜರ್ಮನಿ ಮುಗಿದು ಚೆಕ್ ನೆಲ ಶುರುವಾಗುವ ಅಂಚಿನಲ್ಲಿ, ಮರದ ಪ್ರಾಣಿಗಳನ್ನು ಒಂದೊಂದಾಗಿ ಕೆತ್ತುವುದಿಲ್ಲ. ಹಸಿ ಬಿಲ್ಲೆಯನ್ನು ಲೇತಿಗೆ ಕಟ್ಟಿ, ಉಳಿಯಿಂದ ಮೊದಲು ಒಂದು ಮುಖ, ಆಮೇಲೆ ಅದನ್ನು ತಿರುಗಿಸಿ ಇನ್ನೊಂದು ಮುಖ ಕಡೆಯುತ್ತಾರೆ. ಕೊನೆಗೆ ಕೈಗೆ ಬರುವುದು ದಪ್ಪನೆಯ ಮರದ ಬಳೆ. ಅದರ ಮೈಮೇಲೆ ಉಬ್ಬು, ತಗ್ಗು, ಗೀರು. ಪ್ರಾಣಿಯ ಸುಳಿವೇ ಇಲ್ಲ. ಚಾಕು ಇಟ್ಟು ಕೊಡತಿಯಿಂದ ತಟ್ಟಿ ಬಳೆಯನ್ನು ಸೀಳಿದಾಗ, ಕಲ್ಲಂಗಡಿಯ ಹೋಳಿನಂತೆ ಒಂದು ತುಂಡು ಬೀಳುತ್ತದೆ. ಸೀಳಿದ ಬದಿಯಲ್ಲಿ ಪ್ರಾಣಿ ನಿಂತಿರುತ್ತದೆ. ಒಂದು ಬಳೆಗೆ ಐವತ್ತರಿಂದ ಅರವತ್ತು. ಕಡೆಯುವವರು ತಾವು ಏನು ಮಾಡುತ್ತಿದ್ದೇವೆಂದು ಕೊನೆಯವರೆಗೂ ನೋಡಲಾರರು. ಒಂದು ತಪ್ಪಿದರೆ ಅರವತ್ತೂ ತಪ್ಪಿದವು.

ಗುಂಡುಲಾ ಈ ಮನೆಗೆ ಸೊಸೆಯಾಗಿ ಬಂದದ್ದು ಇಪ್ಪತ್ಮೂರನೇ ವಯಸ್ಸಿನಲ್ಲಿ. ಹದಿನೇಳು ವರ್ಷ ಅವರು ಮಾವನ ಹಸುಗಳಿಗೆ ಬಣ್ಣ ಹಚ್ಚಿದರು, ಕೊಂಬು ಅಂಟಿಸಿದರು. ಬಣ್ಣ ಹೆಂಗಸರದು, ಲೇತು ಗಂಡಸರದು ಎಂಬುದು ನಮ್ಮೂರು ಗ್ರೀಸ್‌ಗ್ರುಂಡಿನ ಪ್ರತಿ ಮನೆಯಲ್ಲೂ ನಡೆದುಬಂದದ್ದು. ಗಾಟ್‌ಹೋಲ್ಡ್ ಅವರ ಕೈ ನಡುಗಲು ಶುರುವಾದ ವರ್ಷ, ಅವರ ಮಗ, ಅಂದರೆ ಗುಂಡುಲಾ ಅವರ ಗಂಡ ಫಾಲ್ಕೊ, ಬಸ್ಸಿನ ಸ್ಟೇರಿಂಗ್ ಬಿಟ್ಟು ಉಳಿ ಹಿಡಿಯುವುದಿಲ್ಲವೆಂದು ಖಡಾಖಂಡಿತವಾಗಿ ಹೇಳಿದ್ದರಿಂದ, ಗುಂಡುಲಾ ಲೇತಿನ ಮುಂದೆ ನಿಂತರು. ನಿಂತು ಮಾವನ ಹಸುವನ್ನೇ ಕಡೆದರು. ಎಷ್ಟು ಚೆನ್ನಾಗಿ ಎಂದರೆ, ಪೇಟೆಯ ಅಂಗಡಿಗಳಿಗೆ ಸಗಟು ಕೊಳ್ಳುವ ಬೆತ್ಗೆ ಎಂಬ ಹೆಂಗಸು ಎರಡು ವರ್ಷ ವ್ಯತ್ಯಾಸವನ್ನೇ ಗುರುತಿಸಲಿಲ್ಲ. ಆಗ ಗುಂಡುಲಾ ಅವರಿಗೆ ಅದೇ ಹೆಮ್ಮೆಯಾಗಿತ್ತು.

ಸುಮಾರು ಎರಡೂವರೆ ವರ್ಷದ ಹಿಂದೆ, ನವೆಂಬರಿನಲ್ಲಿ, ಅವರು ಬಸ್ ನಿಲ್ದಾಣದ ಹತ್ತಿರ ಮಂಜಿನ ಮೇಲೆ ಜಾರಿ ಬಿದ್ದರು. ಬಲ ಮಣಿಕಟ್ಟು ಉಳುಕಿತು. ಮಾವನ ಮೇಕೆಯ ಬಳೆಯೊಂದು ಅರ್ಧ ಆಗಿತ್ತು, ಮರವನ್ನು ಒಣಗಲು ಬಿಡುವಂತಿರಲಿಲ್ಲ. ಹೇಗೋ ಮುಗಿಸಿ ಸೀಳಿದರೆ, ತಲೆಯೆತ್ತಿ ನೆಟ್ಟಗೆ ನಿಲ್ಲಬೇಕಿದ್ದ ಮೇಕೆ ಕತ್ತನ್ನು ಮುಂದಕ್ಕೆ ಚಾಚಿ ನಿಂತಿತ್ತು. ಬೇಲಿಯಾಚೆಯ ಸೊಪ್ಪಿಗೆ ಬಾಯಿ ಹಾಕುವ ಹಾಗೆ. ಅರ್ಧಕ್ಕರ್ಧದ ಕತ್ತು ಸೀಳುವಾಗಲೇ ಮುರಿಯಿತು. ಗಣಿ ಕೆಲಸದವರ ಮನೆಗಳಲ್ಲಿ ಹಸು ಸಾಕುವ ಶಕ್ತಿ ಇಲ್ಲದೆ ಮೇಕೆ ಸಾಕುತ್ತಿದ್ದ ಕಾಲವನ್ನು ಗುಂಡುಲಾ ತಮ್ಮ ಅಜ್ಜಿಯ ಮನೆಯಲ್ಲಿ ಕಂಡವರು. ಅಜ್ಜಿಯ ಮೇಕೆ ನಿಲ್ಲುತ್ತಿದ್ದುದು ಹೀಗೆಯೇ.

"ಮಾವ, ಇದು ಚೆನ್ನಾಗಿದೆ."

"ಚೆನ್ನಾಗೇ ಇದೆ. ಒಲೆಗೆ ಹಾಕು."

"ಹಲಗೆಗೆ..."

"ಕಾಲು ಜಾರಿ ಬಿದ್ದವಳು ಕುಣಿದೆ ಅಂದಂಗಾಯ್ತು. ತಪ್ಪಿ ಆಗಿದ್ದು ನಿಂದಲ್ಲ ಕಣಮ್ಮ. ಬೇಕು ಅಂತ ಮಾಡು. ಸಾಲಾಗಿ ಮೂರು ಬಳೆ ಮಾಡು. ಆಮೇಲೆ ಹಲಗೆ ಮಾತು."

ಒಲೆಗೆ ಹಾಕಿದರು. ಒಂದನ್ನು ಮಾತ್ರ ಏಪ್ರನ್ನಿನ ಜೇಬಿಗೆ ಸೇರಿಸಿ, ಬೂದು ಬಣ್ಣ ಹಚ್ಚಿ, ನಾರಿನ ಗಡ್ಡ ಅಂಟಿಸಿ ಅಡುಗೆಮನೆಯ ಕಿಟಕಿಯಲ್ಲಿಟ್ಟರು. ಕ್ರಿಸ್‌ಮಸ್ಸಿನ ಲೆಕ್ಕ ಚುಕ್ತಾ ಮಾಡಲು ಬಂದ ಬೆತ್ಗೆ ಕಾಫಿ ಕುಡಿಯುತ್ತ ಅದನ್ನು ನೋಡಿದರು.

"ಇದು ಯಾರ ಕೈದು ಗುಂಡುಲಾ?"

"ಯಾರದ್ದೂ ಅಲ್ಲ. ತಪ್ಪಿ ಆಗಿದ್ದು."

"ತಪ್ಪಿ ಆಗಿದ್ದೇ ಅರವತ್ತು ಕೊಡಿ ಹಾಗಾದ್ರೆ. ನಿಮ್ಮ ಮಾವನ ಹಸು ನಂಗೆ ನಿದ್ದೆಯಲ್ಲೂ ಬರುತ್ತೆ. ಇಂಥದ್ದು ಎಲ್ಲೂ ನೋಡಿಲ್ಲ."

ಅರವತ್ತು ಕೊಡಲಾಗಲಿಲ್ಲ. ಒಂದನ್ನೂ ಕೊಡಲಾಗಲಿಲ್ಲ. ಆ ಚಳಿಗಾಲ ಮತ್ತು ಅದರ ನಂತರದ ಬೇಸಿಗೆ ಗುಂಡುಲಾ ಒಂಬತ್ತು ಬಳೆ ಕಡೆದರು. ಕತ್ತು ಒಮ್ಮೆ ಮೊಂಡಾಯಿತು, ಒಮ್ಮೆ ಕೊಕ್ಕರೆಯದಾಯಿತು. ಸರಿಯಾಗಿ ಬಂದದ್ದು ಮುರಿಯಿತು. ಬೆತ್ಗೆ ಕಾದು ಕಾದು ಇನ್ಯಾರದೋ ಮೇಕೆ ತರಿಸಿಕೊಂಡರು.

ಕೈಯ ವಿಷಯ ತಿಳಿದದ್ದು ಅಡುಗೆಮನೆಯಲ್ಲಿ. ಆ ಬೇಸಿಗೆ ಕಳೆದು, ಅಕ್ಟೋಬರಿನ ಒಂದು ಭಾನುವಾರ ಗುಂಡುಲಾ ಕಡುಬಿಗೆ ಆಲೂಗಡ್ಡೆ ಹೆರೆಯುತ್ತಿದ್ದರು. ಎದುರಿಗೆ ಗಾಟ್‌ಹೋಲ್ಡ್ ಕುಳಿತಿದ್ದರು. ಅವರಿಗೆ ಈಗ ಕಣ್ಣು ಮಂಜು, ಹತ್ತಿರದ್ದು ಮಾತ್ರ ಕಾಣುತ್ತದೆ.

"ನೀನು ಎಡಗೈಲಿ ಹೆರೀತಿದ್ದೀಯ."

"ಯಾವಾಗ್ಲೂ ಹೀಗೇನೇ."

"ಜಾರಿ ಬಿದ್ದಾಗ ಯಾವ ಕೈ ಉಳುಕಿದ್ದು?"

ಗುಂಡುಲಾ ಚಾಕು ಕೆಳಗಿಟ್ಟರು. ಬಲಗೈ ಉಳುಕಿದ್ದರಿಂದ ಆ ಮೇಕೆಯನ್ನು ಮುಗಿಸಿದ್ದು ಎಡಗೈ, ಆಮೇಲಿನ ಒಂಬತ್ತು ಬಳೆ ಬಲಗೈಯವು.

"ಎಡಚಿ ಅಂತ ಮೊದ್ಲೇ ಯಾಕೆ ಹೇಳ್ಲಿಲ್ಲ?"

"ನಂಗೇ ಮರ್ತುಹೋಗಿತ್ತು ಮಾವ."

ಅದು ನಿಜ. ಅವರು ಮೊದಲನೇ ತರಗತಿಗೆ ಹೋದದ್ದು ಪೂರ್ವ ಜರ್ಮನಿಯ ಕಾಲದಲ್ಲಿ. ಎಡಗೈಯಿಂದ ಪೆನ್ಸಿಲನ್ನು ತೆಗೆದು ಬಲಗೈಗೆ ಇಡುವುದು ಆಗ ಶಿಕ್ಷಕರ ಕರ್ತವ್ಯಗಳಲ್ಲಿ ಒಂದು. ಒಂದು ವರ್ಷದಲ್ಲಿ ಎಡಗೈ ಬರೆಯುವುದನ್ನು ಬಿಟ್ಟಿತು. ಕುಂಚ, ಉಳಿ ಎಲ್ಲವೂ ಬಲಗೈಗೆ ಹೋದವು. ಯಾರೂ ಕಲಿಸದ ಕೆಲಸಗಳಷ್ಟೇ ಎಡಗೈಗೆ ಉಳಿದವು.

"ನಂಗೆ ಗೊತ್ತಿತ್ತಪ್ಪ," ಎಂದರು ಊಟಕ್ಕೆ ಬಂದ ಫಾಲ್ಕೊ. "ಬಾಣಲೆಯಿಂದ ಆಲೂಗಡ್ಡೆ ಕದ್ರೆ ಏಟು ಯಾವಾಗ್ಲೂ ಎಡಗಡೆಯಿಂದ್ಲೇ ಬರ್ತಿತ್ತು."

"ಗೊತ್ತಿದ್ದವನು ಬಾಯಿ ಬಿಡೋಕೇನಾಗಿತ್ತು?" ಎಂದರು ಗಾಟ್‌ಹೋಲ್ಡ್.

"ಇನ್ನೂ ಬೀಳುತ್ತಲ್ಲ ಅಂತ."

ಉಳಿಗಳನ್ನು ಇಲ್ಲಿ ಯಾರೂ ಅಂಗಡಿಯಿಂದ ತರುವುದಿಲ್ಲ. ಹಳೆಯ ಅರಗಳನ್ನು ಕಾಯಿಸಿ, ಬಡಿದು, ತಮ್ಮ ಕೈಗೆ ತಕ್ಕಂತೆ ಮಸೆದುಕೊಳ್ಳುತ್ತಾರೆ. ಗುಂಡುಲಾ ಬಳಸುತ್ತಿದ್ದ ಹದಿನಾಲ್ಕು ಉಳಿಗಳೂ ಮಾವನ ಬಲಗೈಗೆ ಆದವು. ಆ ವಾರ ಅವರು ಮೊದಲ ಬಾರಿಗೆ ತಮ್ಮದೇ ಉಳಿ ಮಾಡಲು ಕುಳಿತರು. ಅಲಗಿನ ಓರೆ ಉಲ್ಟಾ ಆಯಿತು, ಹಿಡಿ ಗಿಡ್ಡವಾಯಿತು, ನಿಲ್ಲುವ ಬದಿಯೂ ಬದಲಾಯಿತು. ಐವತ್ತನೇ ವಯಸ್ಸಿನಲ್ಲಿ ಕೆಲಸವನ್ನು ಮೊದಲಿನಿಂದ ಕಲಿಯಬೇಕಾಯಿತು. ಬೆಳಿಗ್ಗೆ ಬಲಗೈಯಲ್ಲಿ ಮಾವನ ಹಸು, ಏಕೆಂದರೆ ಅದು ಮನೆ ನಡೆಸುತ್ತಿತ್ತು. ಮಧ್ಯಾಹ್ನ ಎಡಗೈಯಲ್ಲಿ ಮೇಕೆ. ಕತ್ತಿನ ಬಳುಕು ಎಲ್ಲಿಂದ ಬಂದಿತ್ತೆಂದು ಕೈಗೆ ತಿಳಿಯಲು ಹತ್ತು ತಿಂಗಳು ಹಿಡಿಯಿತು. ಆ ಅವಧಿಯಲ್ಲಿ ಗಾಟ್‌ಹೋಲ್ಡ್ ಒಂದು ದಿನವೂ ಒಲೆಯ ಪಕ್ಕದ ಮಣೆ ಬಿಟ್ಟು ಏಳಲಿಲ್ಲ, ಒಂದು ದಿನವೂ ಉಪಾಯ ಹೇಳಲಿಲ್ಲ. ಎಡಗೈಯ ಉಪಾಯ ಅವರಿಗೂ ಗೊತ್ತಿರಲಿಲ್ಲ.

ಕತ್ತು ಮುರಿಯುವುದಕ್ಕೆ ಕಾರಣ ಮರ. ಕಾಲುಗಳು ಮರದ ನಾರಿನ ಉದ್ದಕ್ಕೆ ಇರುತ್ತವೆ, ಚಾಚಿದ ಕತ್ತು ಅಡ್ಡಕ್ಕೆ. ನಿಧಾನವಾಗಿ ಬೆಳೆದ, ಒಳಗಿನ ವರ್ಷದ ಗೆರೆಗಳು ಒತ್ತೊತ್ತಾಗಿರುವ ಮರ ಬೇಕಿತ್ತು. ಅಂಥದ್ದು ಸಿಕ್ಕಿದ್ದು ಫಾಲ್ಕೊ ಅವರಿಗೆ. ಬಸ್ಸಿನ ದಾರಿಯಲ್ಲಿ, ಬಿಸಿಲು ಬೀಳದ ಉತ್ತರದ ಇಳಿಜಾರಿನಲ್ಲಿ ಅರಣ್ಯದವರು ಮರ ಉರುಳಿಸಿದ್ದರು. ಕೇಳಿ ಒಂದು ತುಂಡು ಕೊಯ್ಯಿಸಿಕೊಂಡು ಮುಂದಿನ ಸೀಟಿನ ಮೇಲಿಟ್ಟು ತಂದರು. ಹತ್ತಿದ ಪ್ರತಿಯೊಬ್ಬರೂ ಅದಕ್ಕೆ ಟಿಕೆಟ್ ಆಗಿದೆಯೇ ಎಂದು ಕೇಳಿದರಂತೆ.

ಕಳೆದ ಅಕ್ಟೋಬರಿನಲ್ಲಿ ಮೊದಲ ಬಳೆ ಬಂತು, ನಲವತ್ತನಾಲ್ಕು ಮೇಕೆ ಉಳಿದವು. ಜನವರಿಯಲ್ಲಿ ಎರಡನೆಯದು, ನಲವತ್ತೊಂಬತ್ತು. ಎಲ್ಲವೂ ಬಣ್ಣವಿಲ್ಲದೆ ರಟ್ಟಿನ ಪೆಟ್ಟಿಗೆಯಲ್ಲಿದ್ದವು. ಫೆಬ್ರವರಿಯಲ್ಲಿ ಬೆತ್ಗೆ ಫೋನು ಮಾಡಿ, ಈಸ್ಟರಿಗೆ ನೂರೈವತ್ತು ಆಗುತ್ತದೋ ಇಲ್ಲವೋ ಒಂದೇ ಮಾತು ಹೇಳಿ ಎಂದರು. ಮಾರ್ಚಿನ ಮೊದಲ ವಾರ ಹೇಳುತ್ತೇನೆ ಎಂದಿದ್ದರು ಗುಂಡುಲಾ. ಮೂರನೆಯದು ಕೆಟ್ಟರೆ ಎಣಿಕೆ ಮತ್ತೆ ಒಂದರಿಂದ.

ಮಂಗಳವಾರ ಹತ್ತೂವರೆಗೆ ಲೇತು ನಿಂತಿತು. ಗುಂಡುಲಾ ಬಳೆಯನ್ನು ಮರದ ಕೊರಡಿನ ಮೇಲಿಟ್ಟು ಚಾಕು ಒತ್ತಿ, ಎಡಗೈಯಲ್ಲಿ ಕೊಡತಿ ಹಿಡಿದು ತಟ್ಟಿದರು. ಮೊದಲ ಹೋಳನ್ನು ನೋಡದೆ ಮಾವನ ಕೈಗೆ ಕೊಟ್ಟರು. ಗಾಟ್‌ಹೋಲ್ಡ್ ಅದನ್ನು ಕಣ್ಣಿನ ಹತ್ತಿರ ಒಯ್ಯಲಿಲ್ಲ. ಹೆಬ್ಬೆರಳನ್ನು ಬೆನ್ನಿನ ಮೇಲಿಂದ ಕತ್ತಿನ ತುದಿಯವರೆಗೆ ಎಳೆದರು.

"ಸೀಳು."

ಸೀಳಿದರು. ಇಪ್ಪತ್ತನೆಯದನ್ನು ಮಾವ ಕೇಳಿ ತೆಗೆದುಕೊಂಡರು, ನಲವತ್ತನೆಯದನ್ನು ಕೇಳಿ ತೆಗೆದುಕೊಂಡರು. ಒಟ್ಟು ಐವತ್ತೆಂಟು. ಎರಡು ಮುರಿದಿದ್ದವು. ಗಾಟ್‌ಹೋಲ್ಡ್ ಕೈಯಲ್ಲಿದ್ದುದನ್ನು ಮೊಣಕಾಲಿನ ಎತ್ತರದಿಂದ ನೆಲಕ್ಕೆ ಬಿಟ್ಟರು. ಅದು ಕಲ್ಲಿನ ಮೇಲೆ ಎರಡು ಬಾರಿ ಪುಟಿದು ಒಲೆಯ ಕಾಲಿಗೆ ಬಡಿದು ನಿಂತಿತು. ಕತ್ತು ಹಾಗೆಯೇ ಇತ್ತು.

"ಹೊಟ್ಟೆ ಸ್ವಲ್ಪ ಜಾಸ್ತಿ ಆಯ್ತು. ನಿನ್ನ ಗಂಡನ ಹಾಗಿದೆ."

"ಅವ್ರನ್ನೇ ನೋಡ್ಕೊಂಡು ಮಾಡಿದ್ದು ಮಾವ."

ಗಾಟ್‌ಹೋಲ್ಡ್ ಅಂಗಿಯ ಜೇಬಿನಿಂದ ಒಂದು ಸಣ್ಣ ಹಿತ್ತಾಳೆಯ ಮೊಳೆ ತೆಗೆದರು. ಅದು ಜೇಬಿಗೆ ಬಂದು ಎಷ್ಟು ದಿನವಾಗಿತ್ತೆಂದು ಅವರು ಹೇಳಲಿಲ್ಲ.

"ನನ್ ಕೈ ನಡುಗುತ್ತೆ. ನಿಂದು ನೀನೇ ಹೊಡ್ಕೊ."

ಗುಂಡುಲಾ ಸ್ಟೂಲು ಹತ್ತಿ, ಇಪ್ಪತ್ತೇಳರ ಪಕ್ಕದಲ್ಲಿ ಇಪ್ಪತ್ತೆಂಟನೆಯದನ್ನು ಹೊಡೆದರು. ಮೇಕೆಯ ಮೂತಿ ಹಲಗೆಯ ತುದಿ ದಾಟಿ ಆಚೆಗೆ ಚಾಚಿಕೊಂಡಿತು. ಪೆನ್ಸಿಲು ತೆಗೆದುಕೊಂಡು ಬರೆಯಲು ಹೋಗಿ ಅವರು ನಿಂತರು. ಮೊದಲಕ್ಷರಗಳು ಮಾವನಿಗೂ ತಮಗೂ ಒಂದೇ, ಮತ್ತು ಆ ಎರಡಕ್ಷರ ಹಲಗೆಯ ಮೇಲೆ ಆಗಲೇ ಹನ್ನೊಂದು ಕಡೆ ಇತ್ತು. ಪೆನ್ಸಿಲನ್ನು ಎಡಗೈಗೆ ಬದಲಿಸಿ, ಸೊಟ್ಟ ಅಕ್ಷರಗಳಲ್ಲಿ, ಪೂರ್ತಿ ಹೆಸರು ಬರೆದರು. ಗುಂಡುಲಾ. ಅದರ ಕೆಳಗೆ ಇಸವಿ.

"ಏನಮ್ಮ, ಇಷ್ಟು ಹೊತ್ತು ಬರೀತಿದ್ದೀಯ? ಜಾಗ ಜಾಸ್ತಿ ತಗೊಂಡೆ ಅಂತ ಕಾಣುತ್ತೆ."

"ಬೇಕಿತ್ತು ಮಾವ."

"ತಗೋ, ತಗೋ. ಇನ್ನೊಂದು ಹಲಗೆ ಹಾಕಿಸಿದರಾಯ್ತು."

ಹನ್ನೊಂದು ಗಂಟೆಗೆ ಗುಂಡುಲಾ ಬೆತ್ಗೆಯವರಿಗೆ ಫೋನು ಮಾಡಿ ಆಗುತ್ತದೆ ಎಂದರು. ಪಕ್ಕದ ಮನೆಯ ಇಬ್ಬರು ಹೆಂಗಸರು ಬುಧವಾರದಿಂದ ಬಣ್ಣಕ್ಕೆ ಕೂರುತ್ತಾರೆ. ಮೂರು ಬಳೆಗಳ ಮೇಕೆ ಸೇರಿ ನೂರ ನಲವತ್ತೊಂಬತ್ತು. ಅದರಲ್ಲಿ ಒಂದು ಹಲಗೆಯ ಮೇಲಿದೆ. ಎರಡು ಕಡಿಮೆ ಬೀಳುವುದರಿಂದ ಗುರುವಾರ ಬೆಳಿಗ್ಗೆ ಇನ್ನೊಂದು ಬಿಲ್ಲೆ ಪೀಪಾಯಿಯಿಂದ ಮೇಲೆ ಬರುತ್ತದೆ.