ಮಡಿಲಕ್ಕಿ ಇಲ್ಲದ ಹುಡುಗಿ

“ಮಡ್ಲಕ್ಕಿ ಎಲ್ಲಮ್ಮಾ? ನಿಮ್ಮವ್ವ ಕಟ್ಲಿಲ್ವಾ?” ಎಂದು ಅಜ್ಜಿ ಕೇಳಿದ್ದೇ ತಡ, ಪಕ್ಕದಲ್ಲಿ ಕುಳಿತಿದ್ದ ಹುಡುಗಿ ಗಳಗಳನೆ ಅತ್ತುಬಿಟ್ಟಳು.

ಎಪ್ಪತ್ತರ ದಶಕದ ಒಂದು ಮಧ್ಯಾಹ್ನ. ತವರಿನಿಂದ ಗಂಡನ ಮನೆಗೆ ಹೊರಟಿದ್ದ ನನ್ನನ್ನು ರೈಲು ಹತ್ತಿಸಲು ಅಜ್ಜಿ ಶಿವನಿ ಸ್ಟೇಷನ್ನಿಗೆ ಬಂದಿದ್ದಳು. ಅವ್ವ ಕಟ್ಟಿದ ಅಕ್ಕಿ, ಕೊಬ್ಬರಿ, ಬೆಲ್ಲದಿಂದ ನನ್ನ ಸೆರಗು ಭಾರವಾಗಿತ್ತು. ಆ ಹುಡುಗಿಯ ಕೊರಳಲ್ಲೂ ಹೊಸ ತಾಳಿಯಿತ್ತು, ಸೆರಗು ಮಾತ್ರ ಬರಿದು. ಜೊತೆಗಿದ್ದ ಹೆಂಗಸು, ಇವಳು ತನ್ನ ಸೊಸೆ, ಬೊಂಬಾಯಿಗೆ ಕರೆದುಕೊಂಡು ಹೋಗುತ್ತಿದ್ದೇನೆ ಎಂದಿದ್ದಳು.

“ಅವ್ವಂಗೆ ಗೊತ್ತೇ ಇಲ್ಲ ಕಣಜ್ಜಿ. ಕೆಲ್ಸ ಕೊಡುಸ್ತೀನಿ ಅಂತ ಕರ್ಕೊಂಡ್ ಬಂದ್ರು. ಈ ತಾಳೀನೂ ಅವ್ರೇ ಹಾಕ್ಕೋ ಅಂದ್ರು” ಎಂದಳು ಹುಡುಗಿ.

ಅಜ್ಜಿ ಅವಳ ಕೈಯನ್ನು ಗಟ್ಟಿಯಾಗಿ ಹಿಡಿದು, ಸ್ಟೇಷನ್ ಮಾಸ್ತರರಿಗೆ ಕೇಳುವಂತೆ ಕೂಗಿದಳು. ಅವರು ಓಡಿ ಬರುವಷ್ಟರಲ್ಲಿ ಹೆಂಗಸು ಹಳಿ ದಾಟಿ ಮಾಯವಾಗಿದ್ದಳು. ನನ್ನ ರೈಲು ಬಂದು ಹೊರಟುಹೋಯಿತು. ನಾವು ಬಸ್ಸು ಹಿಡಿದು ಹುಡುಗಿಯನ್ನು ಚೌಳಹಿರಿಯೂರಿನ ಹತ್ತಿರವಿದ್ದ ಅವಳ ಮನೆಗೆ ಮುಟ್ಟಿಸಿದೆವು.

ನಾಲ್ಕು ವರ್ಷದ ಮೇಲೆ ಅವಳ ನಿಜವಾದ ಮದುವೆಗೆ ಹೋಗಿದ್ದೆವು. ಮುತ್ತೈದೆಯರು ಅವಳ ಮಡಿಲು ತುಂಬುವಾಗ, ಗಂಡನಿಲ್ಲದ ಅಜ್ಜಿ ಎಂದಿನಂತೆ ಬಾಗಿಲ ಹಿಂದೆ ಸರಿದು ನಿಂತಿದ್ದಳು. ಹುಡುಗಿ ಎದ್ದು ಬಂದು ಅವಳ ಮುಂದೆಯೇ ಸೆರಗೊಡ್ಡಿದಳು. ಸ್ಟೇಷನ್ನಿನಲ್ಲಿ ಅವಳನ್ನು ಹಿಡಿದಿದ್ದ ಕೈಯಿಂದಲೇ ಅಜ್ಜಿ ಒಂದು ಹಿಡಿ ಅಕ್ಕಿ ಹಾಕಿದಳು.

ನನ್ನ ಮಡಿಲಕ್ಕಿಯಲ್ಲಿ ಅಜ್ಜಿಯ ಹಿಡಿ ಇರಲಿಲ್ಲ. ಕೇಳಬೇಕೆಂದು ನನಗೆ ಹೊಳೆದೇ ಇರಲಿಲ್ಲ.