ಮೂರು ಬಾಣದ ಮುಂದೆ ಸಂಘಮಿತ್ರಾ

ಕಬ್ಬು ಕಡಿಯುವ ದುರ್ಗಪ್ಪನ ಮಗಳು ಸಂಘಮಿತ್ರಾ ನಾಗನೂರಿನಿಂದ ದಿನಾ ಬಸ್ಸಿನಲ್ಲಿ ಗೋಕಾಕಿಗೆ ಬಂದು ಎರಡು ವರ್ಷ ಕಂಪ್ಯೂಟರ್ ಕಲಿತಳು. ಆ ಕ್ಲಾಸಿನಲ್ಲಿ ಕಸ ಹೊಡೆಯುವವಳು ನಾನು, ರಾಯವ್ವ. ರಜೆಯಲ್ಲಿ ಅವಳೂ ಕಬ್ಬಿಗೆ ಹೋಗುತ್ತಿದ್ದಳು. ಕೈತುಂಬ ರವದಿ, ಕಬ್ಬಿನ ಒಣ ಎಲೆ, ಕೊಯ್ದ ಗೆರೆ. ಆ ಕೈಯಲ್ಲೇ ಪೈಥಾನ್ ಎಂಬ ಕಂಪ್ಯೂಟರಿನ ಭಾಷೆ ಬರೆಯುತ್ತಿದ್ದಳು.

ಕರಿ ಪರದೆಯ ಮೇಲೆ ಮೂರು ಬಾಣದ ಗುರುತು. ಅದರ ಮುಂದೆ ಒಂದು ಸಾಲು ಬರೆದು ಗುಂಡಿ ಒತ್ತಿದರೆ ಯಂತ್ರ ಕೂಡಲೇ ಉತ್ತರ ಕೊಡುತ್ತದೆ. ಹೇಳಿಕೊಟ್ಟದ್ದನ್ನು ನೆನಪಿಡುತ್ತದೆ, ಮುಚ್ಚುವವರೆಗೆ ಮಾತ್ರ. ಮಾಸ್ತರರು ಇದನ್ನು ಹೇಳುವಾಗ ಕಸಬರಿಗೆ ಹಿಡಿದು ಬಾಗಿಲಲ್ಲಿ ನಿಂತು ಕೇಳಿದ್ದೆ.

ಆ ಮಾಸ್ತರರು ಕೆಲಸ ಬಿಟ್ಟರು. ಒಂದು ಮುಂಜಾನೆ ಮಾಲಕ ಗಜಾನನ ಸಾವುಕಾರ ಅವಳಿಗೆ ಹೇಳಿದ: "ನಾಳೆ ಒಂಬತ್ತಕ್ಕ ತಪಾಸಣಿಯವ್ರು ಬರ್ತಾರ. ಅವ್ರ ಮುಂದ ಒಂದ್ ಪ್ರೋಗ್ರಾಮ್ ನಡಿಸಿ ತೋರ್ಸು. ಮಾಸ್ತರ್ ಕೆಲಸ ನಿಂದ."

ಅವಳು ಇಡೀ ದಿನ ಯಂತ್ರದ ಮುಂದಿನಿಂದ ಏಳಲಿಲ್ಲ. ಊರಿನ ಹೆಸರು ಕೊಟ್ಟರೆ ಬಸ್ಸಿನ ಹೊತ್ತು ಹೇಳುವ ಪ್ರೋಗ್ರಾಮು. ಸಂಜೆ ನನ್ನನ್ನು ಕರೆದಳು.

"ಆಯಿ, ಯಾವೂರಿಗೆ ಹೊಂಟೀರಿ, ಹೇಳ್ರಿ."

"ಈ ವಯಸ್ಸಿನಾಗ ಸುಡಗಾಡಿಗೆ. ಬಸ್ ಐತೇನು?"

ನಕ್ಕು ನಾಗನೂರು ಎಂದು ಬರೆದಳು. ಐದೂವರೆ ಎಂದಿತು. ಅದೇ ಅವಳ ಬಸ್ಸು.

"ವೈರಸ್ ಬರತೈತಂತ ಸಾವ್ಕಾರ್ರು ಮಷಿನ್‌ನ್ಯಾಗ ಏನೂ ಉಳಿಸಾಕ ಬಿಡಂಗಿಲ್ರಿ. ಇದು ಹಿಂಗ ಚಾಲೂ ಇರ್ಲಿ. ಬಂದ್ ಮಾಡಬ್ಯಾಡ್ರಿ, ಆಯಿ."

"ಮಾಡಂಗಿಲ್ಲವ್ವಾ, ಓಡು."

ಏಳಕ್ಕೆ ಗಜಾನನ ಬೀಗ ಹಾಕಲು ಬಂದ. "ರಾಯವ್ವ, ಮೇನ್ ಸ್ವಿಚ್ ಬಂದ್ ಮಾಡ."

"ಆ ಹುಡುಗಿದು ಇರ್ಲಿ, ಸಾವ್ಕಾರ್ರ. ಬಂದ್ ಮಾಡಿದ್ರ ಎಲ್ಲಾ ಹೋಗತೈತಿ."

"ಕಸಾ ಹೊಡ್ಯಾಕಿ ನನಗ ಕಂಪ್ಯೂಟರ್ ಕಲಸ್ತಿ? ಒಳಗ ಇದ್ದದ್ದು ಎಲ್ಲಿ ಓಡಿ ಹೋಗತೈತಿ? ಮಾಡ."

ಹದಿನಾಲ್ಕು ವರ್ಷ ಅವನ ಮಾತು ಮೀರಿರಲಿಲ್ಲ. ಸ್ವಿಚ್ಚು ಇಳಿಸಿದ್ದು ನನ್ನದೇ ಕೈ.

ಮರುದಿನ ಅವಳ ಬಸ್ಸು ಮುಟ್ಟಿದಾಗ ಎಂಟೂವರೆ. ಯಂತ್ರ ಚಾಲೂ ಮಾಡಿದರೆ ಪರದೆಯ ಮೇಲೆ ಮೂರು ಬಾಣ, ಮುಂದೆ ಖಾಲಿ. ನನ್ನ ಮುಖ ನೋಡಿದಳು. "ನಾನ ಬಂದ್ ಮಾಡಿದ್ನೆವ್ವಾ," ಎಂದೆ. ಮೊದಲಿನಿಂದ ಬರೆಯತೊಡಗಿದಳು. ಒಂದು ದಿನದ ಕೆಲಸಕ್ಕೆ ಉಳಿದದ್ದು ಅರ್ಧ ತಾಸು.

ತಪಾಸಣೆಯವರು ಬಂದು, "ನಿಮ್ಮ ಊರಿನ ಬಸ್ಸನ್ನೇ ಕೇಳಮ್ಮ," ಎಂದರು. ನಾಗನೂರು ಎಂದು ಬರೆದಳು. ಬಸ್ಸಿನ ಹೊತ್ತು ಬರಲಿಲ್ಲ, ಇಂಗ್ಲಿಷಿನಲ್ಲಿ ಎರಡು ಮೂರು ಸಾಲು ಬಂದವು.

"ಏನಂತೈತಿ?" ಗಜಾನನ ಕೇಳಿದ.

"ಈ ಹೆಸರು ನನಗ ಗೊತ್ತಿಲ್ಲ ಅಂತೈತ್ರಿ."

ಕೆಲಸ ಹುಕ್ಕೇರಿಯ ಒಬ್ಬನಿಗೆ ಹೋಯಿತು. ಅವಳು ಅಪ್ಪನ ಜೊತೆ ಕಬ್ಬಿಗೆ ಹೋದಳು, ಈಗಲೂ ಹೋಗುತ್ತಾಳೆ.

ಹೋದ ತಿಂಗಳು ಬಸ್ ಸ್ಟ್ಯಾಂಡಿನಲ್ಲಿ ಸಿಕ್ಕಳು. "ಆಯಿ, ಅವತ್ತ ನೀವು ಒಲ್ಲೆ ಅಂದಿದ್ರ ಸಾವ್ಕಾರ್ರು ಏನ್ ಮಾಡ್ತಿದ್ರು?"

"ಬೈತಿದ್ರವ್ವಾ."

"ಬರೇ ಬೈತಿದ್ರೇನ್ರಿ? ಅಷ್ಟಕ್ಕ ಬಂದ್ ಮಾಡಿದ್ರಿ?"

ಐದೂವರೆಯ ಬಸ್ಸು ಬಂತು. ಕುಡುಗೋಲಿನ ಚೀಲ ಹೆಗಲಿಗೇರಿಸಿ ಹತ್ತಿದಳು.