ಆಕಾಶಕ್ಕೆ ಅಳೆದ ಬೆಳಕು

ಆ ಭಾನುವಾರ ಬೆಳಿಗ್ಗೆ ನಮ್ಮ ಯಜಮಾನರು ಸ್ಕೂಟರಿಗೆ ಪೆಟ್ರೋಲ್ ಹಾಕಿಸಿಕೊಂಡು ಬಂದು, ಒಳಗೆ ಬರದೆ ಬಾಗಿಲಲ್ಲೇ ನಿಂತು, "ಏನಮ್ಮಾ ಮೋಡದಮ್ಮ, ಹೊರಡಾಣ್ವಾ?" ಎಂದು ಕೂಗಿದರು. ನಾನು ರಾಗಿರೊಟ್ಟಿ, ಹುಚ್ಚೆಳ್ಳು ಚಟ್ನಿ ಕಟ್ಟಿಕೊಂಡಿದ್ದೆ. ಧೂಳು ಕೂರದಿರಲೆಂದು ಕ್ಯಾಮೆರಾವನ್ನು ಹಳೇ ಸೀರೆಯ ತುಂಡಿನಲ್ಲಿ ಸುತ್ತಿ ತೊಡೆಯ ಮೇಲಿಟ್ಟುಕೊಂಡು ಹಿಂದೆ ಕೂತೆ.

ಕಡೂರಿನಿಂದ ಬೀರೂರು ದಾಟಿ ಅಜ್ಜಂಪುರದ ಕಡೆ ಹೋದರೆ ಅಮೃತಮಹಲ್ ಕಾವಲು ಸಿಗುತ್ತದೆ. ದನ ಮೇಯಲು ಬಿಟ್ಟ ಹುಲ್ಲುಬಯಲು. ಅಲ್ಲಿ ಆಕಾಶಕ್ಕೆ ಏನೂ ಅಡ್ಡ ಬರುವುದಿಲ್ಲ. ಆಷಾಢದಲ್ಲಿ ತರೀಕೆರೆಯ ಬೆಟ್ಟಗಳ ಕಡೆಯಿಂದ ಮೋಡ ಎದ್ದು ಬರುತ್ತದೆ. ಸುರಿಯುವುದನ್ನೆಲ್ಲ ಅಲ್ಲೇ ಸುರಿದು, ಅಜ್ಜಂಪುರದಲ್ಲಿ ನಾಲ್ಕು ಹನಿ ತೂರಿ, ಕಡೂರಿಗೆ ಬರುವಷ್ಟರಲ್ಲಿ ಬರೀ ನೆರಳಾಗಿರುತ್ತದೆ. ನಮ್ಮ ಊರಿನವರು ತಲೆಯೆತ್ತಿ ನೋಡುವುದು ಮಳೆ ಬರುತ್ತದೋ ಇಲ್ಲವೋ ಎಂದು ತಿಳಿಯಲು ಮಾತ್ರ. ಬರುವುದಿಲ್ಲ ಎಂದು ಗೊತ್ತಾದ ಮೇಲೆ ಮತ್ತೆ ನೋಡುವುದಿಲ್ಲ. ನಾನೂ ಹಾಗೆಯೇ ಇದ್ದವಳು. ಮನೆಯಲ್ಲೇ ಬಟ್ಟೆ ಹೊಲಿಯುತ್ತೇನೆ, ಕತ್ತು ಯಾವಾಗಲೂ ಕೆಳಗೇ.

ಕ್ಯಾಮೆರಾ ನನ್ನ ತಮ್ಮನದು. ಅವನು ತರೀಕೆರೆಯಲ್ಲಿ ಮದುವೆ ಫೋಟೊ ತೆಗೆಯುತ್ತಾನೆ. ಹೊಸದು ಕೊಂಡಾಗ ಹಳೆಯದನ್ನು, "ಇಟ್ಕಳೇ ಅಕ್ಕ, ಮಿಷನ್ ತುಳಿದೂ ತುಳಿದೂ ಬೇಜಾರಾದಾಗ ಏನಾದ್ರೂ ತೆಗಿ" ಎಂದು ಕೊಟ್ಟ. ನಾನು ತೆಗೆದದ್ದು ಮೋಡಗಳನ್ನು. ಯಾಕೆಂದು ಯಾರಿಗೂ ಹೇಳಲು ಬರುತ್ತಿರಲಿಲ್ಲ. ಅವುಗಳಿಗೆ ಅಲ್ಲಾಡದೆ ನಿಲ್ಲಿ ಎಂದು ಹೇಳಬೇಕಾಗಿಲ್ಲ, ಅಷ್ಟೇ.

ಮೊದಮೊದಲು ಆಕಾಶವೆಲ್ಲ ಬ್ಲೀಚಿಂಗ್ ಪುಡಿಯಲ್ಲಿ ನೆನೆಸಿದ ಬಟ್ಟೆಯ ಹಾಗೆ ಬೆಳ್ಳಗೆ ಬರುತ್ತಿತ್ತು. ಕಣ್ಣಿಗೆ ಕಂಡ ಮೋಡ ಚಿತ್ರದಲ್ಲಿ ಇರುತ್ತಿರಲಿಲ್ಲ. ತಮ್ಮ ಫೋನಿನಲ್ಲಿ ಹೇಳಿಕೊಟ್ಟ. "ನೀನು ಕ್ಯಾಮೆರಾ ನೆಲಕ್ಕೆ ಹಿಡಿದು ಬೆಳಕು ಅಳೀತಿದೀಯ ಕಣೇ. ಆಕಾಶಕ್ಕೆ ಅಳಿ. ನೆಲ ಕಪ್ಪಾದ್ರೆ ಆಗ್ಲಿ ಬಿಡು." ಹಾಗೆ ಮಾಡಿದ ಮೇಲೆ ಮೋಡದ ಮಡಿಕೆಗಳು, ಅಂಚಿನ ಹೊಳಪು, ಹೊಟ್ಟೆಯ ಕೆಳಗಿನ ನೀಲಿ ಎಲ್ಲ ಬಂದವು. ಇನ್ನೊಂದು ಮಾತನ್ನೂ ಅವನೇ ಹೇಳಿದ. ಬರೀ ಮೋಡ ತೆಗೆದರೆ ಅದು ಎಷ್ಟು ದೊಡ್ಡದೆಂದು ನೋಡುವವರಿಗೆ ತಿಳಿಯುವುದಿಲ್ಲ, ಕೆಳಗೆ ಒಬ್ಬ ಮನುಷ್ಯ ಚಿಕ್ಕದಾಗಿ ನಿಂತಿರಬೇಕು.

ಅಂದಿನಿಂದ ನಮ್ಮ ಯಜಮಾನರು ಆ ಮನುಷ್ಯರಾದರು. ವಾರವೆಲ್ಲ ಕೊಬ್ಬರಿ ಮಂಡಿಯಲ್ಲಿ ದುಡಿದು ಭಾನುವಾರ ಕಾವಲಿನಲ್ಲಿ ನನಗಾಗಿ ನಿಲ್ಲುತ್ತಿದ್ದರು. ಹೆಗಲಿಗೆ ಟವೆಲ್ ಹಾಕಿಕೊಂಡು ಹುಲ್ಲಿನಲ್ಲಿ ದೂರಕ್ಕೆ ನಡೆದು ಹೋಗುವರು. ನಾನು ಕೈಬೀಸಿ ಎಡಕ್ಕೆ, ಬಲಕ್ಕೆ ಎನ್ನುವೆ. ಅಲ್ಲಿಂದಲೇ ಕೂಗುವರು, "ಸಾಕೇನೇ? ಇಲ್ಲಾ ಹಂಗೇ ಶಿವನಿ ಊರವರೆಗೂ ಹೋಗ್ಬಿಡ್ಲಾ?"

"ಈ ಕಡೆ ನೋಡ್ಬೇಡ್ರೀ, ಮೋಡ ನೋಡ್ರಿ!"

"ಬೆರ್ಚಪ್ಪಂಗೆ ಯಾವ ಕಡೆ ನೋಡಿದ್ರೇನೇ? ಕಾಗೆ ಹೆದ್ರಿದ್ರೆ ಸಾಕು!"

ಆ ಭಾನುವಾರವೂ ಹೀಗೇ ನಡೆಯಿತು. ದೊಡ್ಡದೊಂದು ಮೋಡ ಸೂರ್ಯನಿಗೆ ಅಡ್ಡ ಬಂದು ಅಂಚೆಲ್ಲ ಬೆಳ್ಳಿಯಾಗಿತ್ತು. ಅವರು ನಿಂತು ನಿಂತು ಸಾಕಾಗಿ, ನಾನು ಹೇಳುವ ಮೊದಲೇ ವಾಪಸು ನಡೆದು ಬಂದರು. ಗಾಳಿಗೆ ಟವೆಲ್ ಹಾರುತ್ತಿತ್ತು. ಏನೋ ಹೇಳಿ ನಗುತ್ತಿದ್ದರು. ನಾನು ಬಟನ್ ಒತ್ತುತ್ತಲೇ ಇದ್ದೆ. ಹತ್ತಿರ ಬಂದಾಗ ಕೇಳಿಸಿತು. "ಹೊಟ್ಟೆ ಹಸೀತೈತೆ ಕಣೇ. ಮೋಡ ಎಲ್ಲಿಗೂ ಹೋಗಲ್ಲ, ರೊಟ್ಟಿ ತೆಗಿ." ಕಲ್ಲಿನ ಮೇಲೆ ಕೂತು ತಿಂದೆವು. ಸಂಜೆಗೆ ಮನೆ ಸೇರಿದೆವು.

ಮರುದಿನ ಮಧ್ಯಾಹ್ನ ಮಂಡಿಯಲ್ಲಿ ಕೊಬ್ಬರಿ ಚೀಲಕ್ಕೆ ಒರಗಿ ಕೂತವರು ಏಳಲಿಲ್ಲ. ಆಸ್ಪತ್ರೆಗೆ ತಲುಪುವ ಮೊದಲೇ ಹೋಗಿದ್ದರು. ಹೃದಯಾಘಾತ ಎಂದರು.

ನಮ್ಮಲ್ಲಿ ಹೋದವರನ್ನು ಮಲಗಿಸುವುದಿಲ್ಲ, ಕೂರಿಸುತ್ತಾರೆ. ಹಜಾರದ ಗೋಡೆಗೆ ಒರಗಿಸಿ, ವಿಭೂತಿ ಹಚ್ಚಿ, ಹಾರ ಹಾಕಿ ಕೂರಿಸಿದರು. ದೊಡ್ಡ ಲೈಟು ಹಾಕಿದ್ದರು. ಬಂದ ನೆಂಟರು ಕೈಮುಗಿದು, ಆಮೇಲೆ ಫೋನು ತೆಗೆದು ಚಿತ್ರ ಹಿಡಿದರು. ಕೆಲವರು ಅಲ್ಲಿಂದಲೇ ಸ್ಟೇಟಸ್‌ಗೆ ಹಾಕಿದರು. ಯಾರ ಮೇಲೂ ನನಗೆ ಸಿಟ್ಟು ಬರಲಿಲ್ಲ. ಅಷ್ಟು ಹತ್ತಿರದಿಂದ, ಅಷ್ಟು ಬೆಳಕಿನಲ್ಲಿ ಅವರ ಚಿತ್ರವನ್ನು ಅದಕ್ಕೆ ಮೊದಲು ಯಾರೂ ತೆಗೆದಿರಲಿಲ್ಲ ಎಂದು ಮಾತ್ರ ಅನಿಸಿತು.

ಮಣ್ಣು ಮಾಡಿ ಬಂದ ಮೇಲೆ ಅವರ ಅಕ್ಕ, ನನ್ನ ಅತ್ತಿಗೆ, ಶಿವಗಣಾರಾಧನೆಗೆ ಪೂಜೆಗಿಡಲು ಒಂದು ಫೋಟೊ ಬೇಕೆಂದರು. ಆಗ ಹುಡುಕಿದೆವು. ಮದುವೆಯ ಆಲ್ಬಮ್ಮಿನಲ್ಲಿ ಇದ್ದವರು ಮೀಸೆ ಚಿಗುರುತ್ತಿದ್ದ ಬೇರೆ ಯಾರೋ. ಆಧಾರ್ ಕಾರ್ಡಿನದು ಯಾರಿಗೂ ಗುರುತು ಹತ್ತುವಂತಿರಲಿಲ್ಲ. ಫೋನಿನಲ್ಲಿ ಎಲ್ಲರ ಚಿತ್ರ ತೆಗೆಯುತ್ತಿದ್ದವರು ಅವರೇ, ಹಾಗಾಗಿ ಅವರು ಯಾವುದರಲ್ಲೂ ಇರಲಿಲ್ಲ. ಕಾವಲಿನವುಗಳಲ್ಲಿ ದೂರದಲ್ಲಿ ಮೋಡ ನೋಡುತ್ತ ನಿಂತ ಚಿಕ್ಕ ಆಕಾರ ಮಾತ್ರ. ಕೊನೆಗೆ ಸಖರಾಯಪಟ್ಟಣದ ನೆಂಟರ ಗೃಹಪ್ರವೇಶದ ಗುಂಪಿನಲ್ಲಿ ಒಂದು ಸಿಕ್ಕಿತು. ಹಿಂದಿನ ಸಾಲಿನಲ್ಲಿ, ಬಿಸಿಲಿಗೆ ಕಣ್ಣು ಮುಚ್ಚಿದಂತೆ ಕಿರಿದಾಗಿಸಿಕೊಂಡು, ಯಾರದೋ ಪೇಟದ ಮರೆಯಲ್ಲಿ ಅರ್ಧ ಮುಖ.

"ಇಷ್ಟಿದ್ರೆ ಸಾಕು, ಮಾಡ್ತೀನಿ" ಎಂದ ತಮ್ಮ.

"ಕೋಟು ಹಾಕ್ಸೋ. ಬರೀ ಅಂಗೀಲಿ ಚೆನ್ನಾಗಿರಲ್ಲ" ಎಂದರು ಅತ್ತಿಗೆ.

"ಅವರು ಕೋಟು ಹಾಕಿದ್ದೇ ಇಲ್ವಲ್ಲ ಅತ್ತಿಗೆ" ಎಂದೆ.

"ಈಗ್ಲಾದ್ರೂ ಹಾಕ್ಕಳ್ಳಿ ಬಿಡಮ್ಮ. ನಮ್ಮಪ್ಪಂಗೂ ಹಂಗೇ ಹಾಕ್ಸಿದ್ವಿ."

ತೀರಿಕೊಂಡವರ ಫೋಟೊದಲ್ಲಿ ಹಿಂದೆ ನೀಲಿ ಆಕಾಶ, ಬಿಳಿ ಮೋಡ ಇರಬೇಕು. ನಮ್ಮ ಕಡೆ ಯಾವ ಮನೆಯ ಗೋಡೆ ನೋಡಿದರೂ ಹಾಗೆಯೇ ಇರುತ್ತದೆ. ಸ್ಟುಡಿಯೋದವರ ಹತ್ತಿರ ಅದು ತಯಾರಾಗಿಯೇ ಇರುತ್ತದೆ, ಎಲ್ಲರ ಹಿಂದೆಯೂ ಅದೇ ಮೋಡ. ತಮ್ಮ ನನ್ನ ಮುಖ ನೋಡಿ, "ನೀನು ತೆಗೆದಿದ್ದನ್ನೇ ಹಾಕ್ಲಾ ಅಕ್ಕ?" ಎಂದ. ಕೊಟ್ಟೆ.

ಆರಾಧನೆಯ ದಿನ ಫೋಟೊ ಬಂತು. ಪೇಟದ ಮರೆಯಲ್ಲಿದ್ದ ಅರ್ಧ ಮುಖ ಇರಲಿಲ್ಲವಾದ್ದರಿಂದ ಅವನು ಎಡಗಡೆಯದನ್ನೇ ತಿರುಗಿಸಿ ಬಲಗಡೆಗೆ ಜೋಡಿಸಿದ್ದ. ಎಡಗೆನ್ನೆಯ ಮಚ್ಚೆ ಹಾಗಾಗಿ ಎರಡು ಕಡೆಗೂ ಬಂದಿತ್ತಂತೆ, ಚೆನ್ನಾಗಿ ಕಾಣುವುದಿಲ್ಲವೆಂದು ಎರಡನ್ನೂ ಅಳಿಸಿದ್ದ. ಕಣ್ಣು ಯಾರದೋ. ಕೆಳಗೆ ಕರಿ ಕೋಟು. ಹಿಂದೆ ಅಜ್ಜಂಪುರದ ಕಾವಲಿನ ಆಕಾಶ. ಇದೆಲ್ಲದರಲ್ಲಿ ನಿಜವಾದದ್ದು ಅದೊಂದೇ. ಮಠದಿಂದ ಬಂದ ಸ್ವಾಮಿಗಳು ಹೂವೇರಿಸಿದರು. ಊಟ ಮುಗಿಸಿ ಎಲೆಯಡಿಕೆ ಹಾಕಿಕೊಳ್ಳುತ್ತಿದ್ದವರು, "ಕೈಲಾಸದಾಗೆ ಕುಂತಂಗವ್ರೆ ನೋಡು" ಎಂದರು. ಅತ್ತಿಗೆ ಅದನ್ನು ಸೆರಗಿನಿಂದ ಒರೆಸಿ ಒರೆಸಿ ಅತ್ತರು. ಅವರಿಗೆ ಅದರಲ್ಲಿ ತಮ್ಮ ಒಡಹುಟ್ಟಿದವನು ಕಂಡ. ನನಗೆ ಕಾಣಲಿಲ್ಲ.

ಆಮೇಲೆ ತಮ್ಮ ನನ್ನನ್ನು ತರೀಕೆರೆಗೆ ಕರೆದುಕೊಂಡು ಹೋದ. ಅಲ್ಲಿ ಮಳೆ ಹಿಡಿದಿತ್ತು. ಮನೆಯ ಮುಂಭಾಗದ ಕೋಣೆಯೇ ಅವನ ಸ್ಟುಡಿಯೋ. ಒಂದು ಮಧ್ಯಾಹ್ನ ಅವನ ಪಕ್ಕ ಕೂತು ಆ ಭಾನುವಾರದ ಚಿತ್ರಗಳನ್ನು ಕಂಪ್ಯೂಟರಿನಲ್ಲಿ ತೆಗೆಸಿದೆ. ಅವರು ನಡೆದು ಬರುತ್ತಿದ್ದ ಕೊನೆಯವನ್ನು. ಒಂದರಲ್ಲಿ ಅವರು ತೀರಾ ಹತ್ತಿರ ಬಂದಿದ್ದರು. ಮೋಡ ಒಂದೊಂದು ಎಳೆಯೂ ಬಿಡದೆ ಬಂದಿತ್ತು. ಅದರ ಮುಂದೆ ಕರ್ರಗೆ ಒಂದು ಆಕಾರ, ಹಾರುವ ಟವೆಲ್. ಕ್ಯಾಮೆರಾ ಇನ್ನೂ ಆಕಾಶಕ್ಕೇ ಅಳೆದು ಇಟ್ಟಿದ್ದು.

"ಇದರಲ್ಲಿ ನನ್ನ ಕಡೆ ನೋಡ್ತಾ ಇದ್ರು ಕಣೋ. ನಗ್ತಾ ಇದ್ರು. ಬೆಳಕು ಮಾಡು."

ಅವನು ಮಾಡಿದ. ಕಪ್ಪು ಬೂದಿಯಾಯಿತು. ಇನ್ನೂ ಮಾಡಿದ. ಹುಲ್ಲಿನ ತುದಿಗಳು ಎದ್ದವು, ಅಂಗಿಯ ಪಟ್ಟಿ ಎದ್ದಿತು, ಕಿವಿ ಬಂತು. ನಾನು ಪರದೆಗೆ ಬಾಗಿದೆ. ಮೂಗಿನ ಪಕ್ಕದಲ್ಲಿ ಒಂದು ಗೆರೆ ಬಂತು. ಅಲ್ಲಿಂದಾಚೆ ಬಂದದ್ದೆಲ್ಲ ಕೆಂಪು, ಹಸಿರು ಚುಕ್ಕಿ. ಮುಖವಿರಬೇಕಾದ ಕಡೆ ಇರುವೆ ಮುತ್ತಿದಂತಿತ್ತು.

"ಇನ್ನೊಂಚೂರು" ಎಂದೆ.

"ಬರಲ್ಲ ಅಕ್ಕ."

"ಮದುವೆ ಫೋಟೊದಲ್ಲಿ ಕತ್ತಲಲ್ಲಿದ್ದೋರನ್ನೆಲ್ಲ ಬೆಳ್ಳಗೆ ಮಾಡ್ತೀಯಲ್ಲೋ."

"ಅವು ಒಳಗೆ ಇರ್ತಾವೆ ಕಣಕ್ಕ, ಎಳೀತೀನಿ. ಇದರೊಳಗೆ ಏನೂ ಇಲ್ಲ. ಭಾವನ ಮುಖದ ಬೆಳಕು ಕ್ಯಾಮೆರಾ ಒಳಗೆ ಹೋಗೇ ಇಲ್ಲ." ನನ್ನ ಕಡೆ ತಿರುಗಿ, "ಕಣ್ಣು ಬರೆದುಕೊಡ್ಲಾ?" ಎಂದ.

ಬೇಡ ಎಂದೆ. ಅವನು ಇದ್ದದ್ದನ್ನು ಇದ್ದ ಹಾಗೇ ಮುಚ್ಚಿ ಚಹಾ ತರಲು ಒಳಗೆ ಹೋದ.

ಈಗ ಕಡೂರಿಗೆ ವಾಪಸು ಬಂದು ಹೊಲಿಗೆ ಹಿಡಿದಿದ್ದೇನೆ. ನೆಂಟರು ಫೋನಿನಲ್ಲಿ ತೆಗೆದ ಚಿತ್ರಗಳನ್ನೂ ಕೇಳಿ ಕಳಿಸಿಕೊಂಡೆ. ಅವುಗಳಲ್ಲಿ ಮುಖ ನಿಚ್ಚಳವಾಗಿದೆ, ಮಚ್ಚೆಯೂ ಇದೆ, ಕಣ್ಣು ಮುಚ್ಚಿದೆ. ಕಾವಲಿನವುಗಳಲ್ಲಿ ಕಣ್ಣು ತೆರೆದಿತ್ತೆಂದು ನನಗೆ ಗೊತ್ತು, ಆದರೆ ಮುಖವಿಲ್ಲ. ಗೋಡೆಯ ಮೇಲಿನದಕ್ಕೆ ದಿನವೂ ಹೂವಿಡುತ್ತೇನೆ, ಬಂದವರು ಕೇಳಬಾರದೆಂದು.

ಹೋದ ವಾರ ತಮ್ಮ ಫೋನು ಮಾಡಿ, ಮೋಡ ಚೆನ್ನಾಗಿ ಕಟ್ಟಿದೆ, ಬಂದು ಕರೆದುಕೊಂಡು ಹೋಗಲೇ ಎಂದು ಕೇಳಿದ. ಹೋದೆ. ಆಕಾಶಕ್ಕೆ ಅಳೆದು ತೆಗೆದೆ. ಹೇಗೆ ತೆಗೆಯಬೇಕೋ ಹಾಗೆಯೇ ಬಂದಿದೆ. ಒಟ್ಟಿನಲ್ಲಿ ನನ್ನ ಹತ್ತಿರ ಬೇಕಾದಷ್ಟು ಮೋಡಗಳಿವೆ. ಕಣ್ಣು ಬಿಟ್ಟು ನನ್ನನ್ನು ನೋಡುತ್ತಿರುವ ಅವರ ಮುಖ ಒಂದೂ ಇಲ್ಲ.